ಮಲೆನಾಡಿನ ಜಡಿಮಳೆಯಲ್ಲಿ ಬೇಸಿಲ್: ನನ್ನ ಅನುಭವ

ಶಿರಸಿ ಕಡೆಯ ಮಳೆಯಲ್ಲಿ ಇಟಾಲಿಯನ್ ಬೇಸಿಲ್, ಅಂದರೆ ಪಿಜ್ಜಾಕ್ಕೆ ಹಾಕುವ ತುಳಸಿ ಬಳಗದ ಸೊಪ್ಪು, ಬದುಕಲ್ಲ ಅಂತ ನನಗೆ ಹೇಳದವರಿಲ್ಲ. ನರ್ಸರಿಯವರೂ ಹೇಳಿದರು, ನೆಂಟರೂ ಹೇಳಿದರು. "ಮಾರಾಯ್ತಿ, ತುಳಸಿ ಇದೆಯಲ್ಲ, ಸಾಕು ಬಿಡು" ಅಂದರು ಪಕ್ಕದ ಮನೆಯ ಅಕ್ಕ. ಈ ವರ್ಷ ಜುಲೈ, ಆಗಸ್ಟ್ ಎರಡೂ ತಿಂಗಳು ವಾರಕ್ಕೆ ಎರಡು ಸಲ ಸೊಪ್ಪು ಕೊಯ್ದಿದ್ದೇನೆ. ಅದೇ ಅಕ್ಕ ಈಗ ಕಡ್ಡಿ ಕೇಳಿಕೊಂಡು ಬಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಲ್ಲಿ ಈಗ ಇರುವುದು ಇಷ್ಟು: ಕಟ್ಟೆಯಲ್ಲಿ ಕೃಷ್ಣ ತುಳಸಿ, ರಾಮ ತುಳಸಿ. ಬೇಲಿ ಪಕ್ಕ ಲವಂಗ ತುಳಸಿ, ಕರ್ಪೂರ ತುಳಸಿ. ಚಪ್ಪರದ ಅಡಿಗೆ ಇಟಾಲಿಯನ್, ಥಾಯ್, ನಿಂಬೆ ಬೇಸಿಲ್. ಮತ್ತೆ ನಮ್ಮದೇ ಕಾಮಕಸ್ತೂರಿ. ಲವಂಗ ತುಳಸಿ ಎಷ್ಟು ಮಳೆ ಹೊಯ್ದರೂ ಅಲುಗಾಡಲ್ಲ, ಆಳೆತ್ತರ ಪೊದೆ ಆಗುತ್ತದೆ. ಥಾಯ್ ಕೂಡ ಗಟ್ಟಿ. ಸತಾಯಿಸುವುದು ಇಟಾಲಿಯನ್ ಒಂದೇ. ಆದರೆ ದುಡ್ಡು ಬರುವುದೂ ಅದರಿಂದಲೇ.

ಮೊದಲ ಎರಡು ಮಳೆಗಾಲ ಪೂರ್ತಿ ಹೋಯಿತು. ಬೀಜ, ಗ್ರೋ ಬ್ಯಾಗ್, ಶೇಡ್ ನೆಟ್ ಎಲ್ಲ ಸೇರಿ ನಾಲ್ಕು ಸಾವಿರ ರೂಪಾಯಿಯ ಹತ್ತಿರ ಕೈ ಬಿಟ್ಟಿರಬೇಕು. ಪ್ರತಿ ಸಲವೂ ಒಂದೇ ಕಥೆ. ಮಳೆ ಹಿಡಿದು ಎರಡು ವಾರ ಆಗುವುದರೊಳಗೆ ಎಲೆಯಲ್ಲಿ ಹಳದಿ ಪಟ್ಟೆ ಬರುತ್ತದೆ. ಆ ಹಳದಿ ನರದಿಂದ ನರಕ್ಕೆ ನಿಲ್ಲುತ್ತದೆ, ದಾಟಿ ಹೋಗುವುದಿಲ್ಲ. ನೋಡಿದರೆ ಗೊಬ್ಬರ ಕಡಿಮೆ ಆದ ಹಾಗೇ ಕಾಣುತ್ತದೆ. ಬಂದು ನೋಡಿದವರೆಲ್ಲ ಗೋಮೂತ್ರ ಹಾಕು, ಹಿಂಡಿ ಹಾಕು ಅಂದರು. ಹಾಕಿದಷ್ಟೂ ಸೊಪ್ಪು ದಟ್ಟ ಆಯಿತು, ರೋಗವೂ ಜೋರಾಯಿತು. ಬೆಳಿಗ್ಗೆ ಬೇಗ ಎದ್ದು ಎಲೆ ಮಗುಚಿ ನೋಡಿ. ಹಳದಿ ಇರುವ ಕಡೆ ಅಡಿಗೆ ಬೂದು ಬಣ್ಣದ ಬೂಷ್ಟು, ಬೆರಳಲ್ಲಿ ಉಜ್ಜಿದರೆ ಕಪ್ಪು ಪುಡಿ. ಇದು ಡೌನಿ ಮಿಲ್ಡ್ಯೂ ಅನ್ನುವ ಬೂಷ್ಟು ರೋಗ. ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ನಮ್ಮ ಅಡಿಕೆಯ ಕೊಳೆರೋಗದ ಬಳಗದ್ದೇ.

ಇದನ್ನು ಹೇಳಿದ ಕೂಡಲೇ ನಮ್ಮ ಮನೆಯವರು "ಹಾಗಾದರೆ ಬೋರ್ಡೋ ಹೊಡೆದರೆ ಆಯ್ತಲ್ಲ" ಅಂದರು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣದ ದ್ರಾವಣ ಅದು. ತೋಟಕ್ಕೆ ಹೊಡೆಯುವಾಗ ಹೇಗೂ ಡ್ರಮ್ಮಿನಲ್ಲಿ ಮಿಕ್ಕಿರುತ್ತದೆ, ನಿಜ. ಆದರೆ ಹಸಿಯಾಗಿ ತಿನ್ನುವ ಸೊಪ್ಪು. ನೀಲಿ ಬಣ್ಣ ಮೆತ್ತಿದ ಎಲೆಯನ್ನು ಯಾರು ತಿನ್ನುತ್ತಾರೆ? ಅದು ಬೇಡ ಅಂತ ಖಡಾಖಂಡಿತ ಹೇಳಿದೆ.

ಕೊಳೆರೋಗದಿಂದಲೇ ದಾರಿ ಹೊಳೆಯಿತು. ಹಿಂದಿನವರು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರಲ್ಲ, ಯಾಕೆ? ಗೊನೆ ಒದ್ದೆ ಆಗಬಾರದು ಅಂತ. ಬೇಸಿಲ್‌ಗೂ ಅಷ್ಟೇ. ಬುಡಕ್ಕೆ ನೀರು ಬಿದ್ದರೆ ಗಿಡ ಸಾಯಲ್ಲ. ರಾತ್ರಿ ಎಲೆ ಒದ್ದೆ ಇದ್ದರೆ ಸಾಯುತ್ತದೆ.

ಮಳೆ ತಡೆಯದ ಶೇಡ್ ನೆಟ್ ಕಿತ್ತು ಹಾಕಿ 200 ಮೈಕ್ರಾನಿನ ಯುವಿ ಶೀಟ್ (ಬಿಸಿಲಿಗೆ ಬೇಗ ಹಾಳಾಗದ ಪ್ಲಾಸ್ಟಿಕ್ ಹಾಳೆ) ತಂದೆ. ಸುಮಾರು ಎರಡೂವರೆ ಸಾವಿರ ಆಯಿತು. ಬಿದಿರು, ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಮನೆಯದೇ. ಮನೆಯ ಪೂರ್ವದ ಗೋಡೆಗೆ ಒತ್ತಿ, ಏಳಡಿ ಎತ್ತರಕ್ಕೆ ಚಪ್ಪರ ಹಾಕಿಸಿದೆ. ಪೂರ್ವಕ್ಕೇ ಯಾಕೆ ಅಂದರೆ ನಮ್ಮಲ್ಲಿ ಗಾಳಿಮಳೆ ಬರುವುದು ಪಶ್ಚಿಮದಿಂದ. ಎರಚಲು ಪೂರ್ತಿ ಗೋಡೆ ತಡೆಯುತ್ತದೆ. ಬೆಳಗಿನ ಬಿಸಿಲು ಬಂದ ದಿನ ಮೊದಲು ಬೀಳುವುದೂ ಅಲ್ಲೇ. ಉಳಿದ ಮೂರು ಬದಿ ಪೂರ್ತಿ ತೆರೆದಿಟ್ಟಿದ್ದೇನೆ. ಮುಚ್ಚಿದರೆ ಒಳಗೆ ಬೆವರು ಹಿಡಿದು ಮತ್ತೆ ಅದೇ ಹಣೆಬರಹ.

ಬ್ಯಾಗುಗಳನ್ನು ಚೀರೆಕಲ್ಲಿನ ಮೇಲೆ ಇಡುತ್ತೇನೆ, ಗಿಡದಿಂದ ಗಿಡಕ್ಕೆ ಮೊಳ ಅಂತರ. ನೀರು ಅಡಿಯ ತಟ್ಟೆಗೆ ಮಾತ್ರ, ಅದೂ ಬೆಳಿಗ್ಗೆ, ಮಣ್ಣು ಒಣಗಿದರೆ. ನೆಲದಿಂದ ಗೇಣುದ್ದದ ತನಕ ಇರುವ ಎಲೆ ಎಲ್ಲ ತೆಗೆದುಬಿಡುತ್ತೇನೆ. ಮಣ್ಣಿಗೆ ಕೆಂಪು ಮಣ್ಣು, ಹೊಳೆ ಮರಳು, ಎರೆಹುಳು ಗೊಬ್ಬರ, ಚೆನ್ನಾಗಿ ಕಳಿತ ಅಡಿಕೆ ಸಿಪ್ಪೆ. ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಜೂನಿನಲ್ಲಿ ಬೀಜ ಹಾಕುವುದು ಸುಮ್ನೆ ದಂಡ. ಮೊಳಕೆ ಬುಡದಲ್ಲೇ ಕೊಳೆತು ಮಲಗುತ್ತದೆ. ಏಪ್ರಿಲ್ ಕೊನೆಯಲ್ಲಿ ತಾಯಿ ಗಿಡದಿಂದ ಹೂ ಬರದ ಕಡ್ಡಿ ಕತ್ತರಿಸಿ ಲೋಟದ ನೀರಿನಲ್ಲಿ ಇಡುತ್ತೇನೆ. ವಾರ, ಹತ್ತು ದಿನದಲ್ಲಿ ಬೇರು. ಮಳೆ ಹಿಡಿಯುವ ಹೊತ್ತಿಗೆ ಗಿಡ ಒಂದು ಸಲ ಚಿವುಟಿಸಿಕೊಂಡು ಕವಲು ಒಡೆದಿರಬೇಕು.

ನಡುವೆ ಒಂದು ಪ್ರಯೋಗ. ಈ ಬೂಷ್ಟು ಕತ್ತಲೆಯಲ್ಲೇ ಬೀಜ ಕಟ್ಟುವುದು, ರಾತ್ರಿ ಬೆಳಕು ಇದ್ದರೆ ಕಟ್ಟಲ್ಲ ಅಂತ ಓದಿದ್ದೆ. ಚಪ್ಪರದ ಒಂದು ತುದಿಗೆ ಎಲ್‌ಇಡಿ ಬಲ್ಬ್ ಹಾಕಿದೆ. ಬಲ್ಬಿನ ಕೆಳಗಿನ ಗಿಡಗಳಲ್ಲಿ ಬೂಷ್ಟು ಕಂಡಾಪಟ್ಟೆ ಕಡಿಮೆ, ಇದು ಕಣ್ಣಾರೆ ಕಂಡದ್ದು. ಆದರೆ ಮಳೆಗಾಲದಲ್ಲಿ ನಮ್ಮ ಊರಲ್ಲಿ ಕರೆಂಟ್ ಇರುವುದು ಎಷ್ಟು ಹೊತ್ತು? ಪಟ್ಟಣದವರು ಮಾಡಿ ನೋಡಿ.

ಇನ್ನೊಂದು, ಕಿರಾಣಿ ಅಂಗಡಿಯ ಸಬ್ಜಾ ಬೀಜ. ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜವೇ ಅದು. ಹಳೆಯ ಸ್ಟಾಕ್ ಅಲ್ಲದಿದ್ದರೆ ಚೆನ್ನಾಗಿ ಹುಟ್ಟುತ್ತದೆ. ಹತ್ತು ರೂಪಾಯಿ ಬೀಜದಲ್ಲಿ ಹಿತ್ತಲು ತುಂಬುತ್ತದೆ. ಪ್ಯಾಕೆಟ್ಟಿಗೆ ನೂರು ಕೊಡುವ ಮೊದಲು ಇದರಲ್ಲಿ ಕೈ ಪಳಗಿಸಿಕೊಳ್ಳಿ. ಆದರೆ ಇಟಾಲಿಯನ್ ಬೀಜ ಉಳಿಸಿಕೊಳ್ಳಬೇಕು ಅಂದರೆ ಕಾಮಕಸ್ತೂರಿ, ಥಾಯ್ ಎರಡನ್ನೂ ಹತ್ತಿರ ಹೂ ಬಿಡಲು ಬಿಡಬೇಡಿ. ಜೇನುನೊಣ ಮಿಶ್ರ ಮಾಡಿಬಿಡುತ್ತದೆ. ಒಂದು ವರ್ಷದ ಸಸಿಗಳಲ್ಲಿ ಎಲೆ ಇಟಾಲಿಯನ್, ವಾಸನೆ ಸೋಂಪು. ಕಟ್ಟೆಯ ತುಳಸಿಯಿಂದ ಆ ಭಯ ಇಲ್ಲ, ಅದರ ಜಾತಿಯೇ ಬೇರೆ.

ನಿಂಬೆ ಬೇಸಿಲ್‌ದು ತಂಬುಳಿ ಮಾಡಿದ್ದೇನೆ. ಸೊಪ್ಪು ಬಾಡಿಸಲೇಬೇಡಿ. ಜೀರಿಗೆ, ಎರಡು ಕಾಳುಮೆಣಸು ಮಾತ್ರ ತುಪ್ಪದಲ್ಲಿ ಹುರಿದು, ಕಾಯಿತುರಿ ಮತ್ತು ಹಸಿ ಸೊಪ್ಪಿನ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ನಮ್ಮ ಅತ್ತೆ ಮೊದಲು ಮುಖ ತಿರುಗಿಸಿದ್ದರು, ಈಗ ಅವರೇ ಕೊಯ್ದು ತರುತ್ತಾರೆ. ಕರ್ಪೂರ ತುಳಸಿ ಮಾತ್ರ ಅಡುಗೆಗೆ ಬೇಡ.

ಲೆಕ್ಕಕ್ಕೆ ಬರೋಣ. ಹತ್ತಿರದ ಹೋಂಸ್ಟೇ ಒಂದಕ್ಕೆ, ಪೇಟೆಯ ಒಂದು ಪಿಜ್ಜಾ ಅಂಗಡಿಗೆ ಕೊಡುತ್ತೇನೆ. 50 ಗ್ರಾಂ ಕಟ್ಟಿಗೆ ಬೇಸಿಗೆಯಲ್ಲಿ 25 ರೂಪಾಯಿಯೂ ಕಷ್ಟ. ಮಳೆಗಾಲದಲ್ಲಿ 50 ಕೇಳಿದರೂ ಮಾತಿಲ್ಲದೆ ತಗೊಂಡರು, ಯಾಕೆಂದರೆ ಬೇರೆ ಯಾರ ಹತ್ತಿರವೂ ಇಲ್ಲ. ಇಪ್ಪತ್ತೈದು ಮೂವತ್ತು ಗಿಡದಲ್ಲಿ ಈ ಮಳೆಗಾಲ ಖರ್ಚು ಕಳೆದು ಐದಾರು ಸಾವಿರ ಉಳಿಯಿತು. ಶೀಟಿನ ದುಡ್ಡು ಅದರಲ್ಲೇ ತೀರಿತು. ಅಡಿಕೆ ಮುಂದೆ ಇದು ಏನೂ ಅಲ್ಲ ಅಂತ ಮನೆಯವರು ಹೇಳಬಹುದು, ಆದರೆ ಇದು ನನ್ನ ಕೈಯ ದುಡ್ಡು.

ಮಾರುವವರು ಇದೊಂದು ನೆನಪಿಡಿ. ಕೊಯ್ದ ಸೊಪ್ಪನ್ನು ಫ್ರಿಜ್ಜಿಗೆ ತುರುಕಬೇಡಿ, ಒಂದೇ ರಾತ್ರಿಗೆ ಕಪ್ಪಾಗುತ್ತದೆ. ದಂಟಿನ ಸಮೇತ ಕೊಯ್ದು, ಲೋಟದ ನೀರಿನಲ್ಲಿ ನಿಲ್ಲಿಸಿ, ಅಡುಗೆಮನೆಯಲ್ಲೇ ಇಡಿ. ನಾಲ್ಕು ದಿನ ಆರಾಮಾಗಿ ಬರುತ್ತದೆ. ಪಿಜ್ಜಾ ಅಂಗಡಿಯವರಿಗೂ ಹಾಗೇ ಹೇಳಿಕೊಟ್ಟಿದ್ದೇನೆ, ಈಗ ಅವರು ಮೂರು ನಾಲ್ಕು ದಿನಕ್ಕೆ ಆಗುವಷ್ಟು ಒಟ್ಟಿಗೇ ಹೇಳುತ್ತಾರೆ.