ವಜ್ರದ ನಡುವಿನಿಂದ ಸ್ಲ್ಯಾಬ್ ಮೇಲಿನವರೆಗೆ: ಖನಿಜ, ನೀರು ಮತ್ತು ನನ್ನ ಕೆಲಸ

ನಾನು ಖನಿಜಗಳನ್ನು ಒತ್ತಿ ನೋಡುವ ಕೆಲಸ ಮಾಡುತ್ತ ಬಂದವನು. ಎರಡು ವಜ್ರಗಳ ತುದಿಯ ನಡುವೆ ಧೂಳಿನಷ್ಟು ಸಣ್ಣ ಚೂರು ಇಡಬೇಕು. ಭೂಮಿಯ ಒಳಗೆ ನೂರಾರು ಕಿಲೋಮೀಟರ್ ಆಳದಲ್ಲಿ ಇರುವಷ್ಟು ಒತ್ತಡ ಕೊಡಬೇಕು. ಆಗ ಆ ಚೂರಿನೊಳಗೆ ಪರಮಾಣುಗಳು ಹೇಗೆ ಜಾಗ ಬದಲಿಸುತ್ತವೆ ಅಂತ ಎಕ್ಸ್-ರೇ ಬಿಟ್ಟು ನೋಡಬೇಕು. ಈಗ ಕಲಬುರಗಿಯಲ್ಲಿದ್ದುಕೊಂಡು ಸಿಮೆಂಟ್, ಕಾಂಕ್ರೀಟ್ ಮೇಲೆ ಕೆಲಸ ಮಾಡುತ್ತಿದ್ದೇನೆ. "ಅದೆಲ್ಲಿ, ಇದೆಲ್ಲಿ?" ಅಂತ ಬಹಳ ಜನ ಕೇಳುತ್ತಾರೆ. ನನಗೆ ಎರಡೂ ಒಂದೇ ಪ್ರಶ್ನೆ. ಹರಳಿನೊಳಗೆ ಸೇರಿಕೊಂಡ ನೀರನ್ನು ಒತ್ತಿದರೆ, ಕಾಯಿಸಿದರೆ, ಅದು ಎಲ್ಲಿ ಹೋಗುತ್ತದೆ?

ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯವರಿಗೆ ಸುಣ್ಣದ ಕಲ್ಲು ಹೊಸದಲ್ಲ. ಅದರ ಹಾಸುಗಲ್ಲಿಗೆ ಪರ್ಸಿ ಅಂತೀವಿ. ಮನೆಯ ನೆಲಕ್ಕೆ ಪರ್ಸಿ, ಕಟ್ಟೆಗೆ ಪರ್ಸಿ, ಹಳೇ ಮನೆಗಳಲ್ಲಿ ಗೋಡೆಗೂ ಪರ್ಸಿ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಭೀಮಾ ಬೇಸಿನ್ನಿನ ಕಲ್ಲಿನ ಮೇಲೆ. ಆಳಂದ ದಾಟಿ ಬೀದರ್ ಕಡೆ ಹೋದರೆ ಕಲ್ಲೇ ಬದಲಾಗುತ್ತದೆ. ಅಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಕಲ್ಲು, ಅದರ ಮೇಲೆ ಬೀದರ್‌ನ ಕೆಂಪು ಜಂಬಿಟ್ಟಿಗೆ. ಖನಿಜ ಓದುವವನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕಾ?

ಎಂ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದುವಾಗ ನನ್ನ ತಲೆಗೆ ಹೊಕ್ಕಿದ್ದು ಕ್ಯಾಲ್ಸೈಟ್. ನಮ್ಮ ಪರ್ಸಿಯ ಮುಖ್ಯ ಖನಿಜ ಅದೇ. ಅಮೆರಿಕದ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್ ಈ ಕ್ಯಾಲ್ಸೈಟನ್ನು ಒತ್ತಿ ನೋಡಿ, ಸುಮಾರು 1.5 ಗಿಗಾಪಾಸ್ಕಲ್ ಹತ್ತಿರ ಹರಳಿನ ರಚನೆಯೇ ಬದಲಾಗುತ್ತದೆ ಅಂತ 1939ರಲ್ಲೇ ತೋರಿಸಿದ್ದರು. ಒಂದು ಗಿಗಾಪಾಸ್ಕಲ್ ಅಂದರೆ ನಮ್ಮ ಸುತ್ತ ಇರುವ ಗಾಳಿಯ ಒತ್ತಡದ ಹತ್ತು ಸಾವಿರ ಪಟ್ಟು. 1946ರಲ್ಲಿ ಅವರಿಗೆ ನೊಬೆಲ್ ಬಂತು. ದಿನಾ ತುಳಿದು ಓಡಾಡುವ ಕಲ್ಲಿಗೆ ಇಂಥ ಇನ್ನೊಂದು ರೂಪ ಇದೆ ಅನ್ನುವುದು ನನ್ನನ್ನು ಬಿಡಲೇ ಇಲ್ಲ. ಪಿಎಚ್‌ಡಿಗೆ ಇದೇ ದಾರಿ ಹಿಡಿದೆ.

ಪಿಎಚ್‌ಡಿಯ ವಿಷಯ ನೀರು ಸೇರಿದ ಖನಿಜಗಳು. ಭೂಮಿಯ ಒಳಗೆ 410ರಿಂದ 660 ಕಿಲೋಮೀಟರ್ ಆಳದ ನಡುವೆ ಒಂದು ಪದರ ಇದೆ. ಅಲ್ಲಿ ಆಲಿವೀನ್ ಅನ್ನುವ ಸಾಮಾನ್ಯ ಖನಿಜ ಒತ್ತಡಕ್ಕೆ ಸಿಕ್ಕು ಮೊದಲು ವಾಡ್ಸ್‌ಲಿಯೈಟ್, ಇನ್ನೂ ಕೆಳಗೆ ರಿಂಗ್‌ವುಡೈಟ್ ಆಗುತ್ತದೆ. ಈ ಎರಡೂ ತಮ್ಮೊಳಗೆ ನೀರು ಹಿಡಿದಿಟ್ಟುಕೊಳ್ಳಬಲ್ಲವು. ಹರಿಯುವ ನೀರಲ್ಲ, ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ರೂಪದಲ್ಲಿ ಹರಳಿಗೇ ಅಂಟಿಕೊಂಡ ನೀರು. ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ ವಜ್ರವೊಂದರ ಒಳಗೆ ನಿಜವಾದ ರಿಂಗ್‌ವುಡೈಟ್ ಚೂರು ಇದ್ದದ್ದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ತೂಕದ ಶೇಕಡಾ ಒಂದಕ್ಕಿಂತ ಜಾಸ್ತಿ ನೀರಿತ್ತು. ಕಲ್ಲು ಅಂದರೆ ಒಣ ವಸ್ತು ಅಂತ ಅಂದುಕೊಂಡವರಿಗೆ ಇದು ದೊಡ್ಡ ಸುದ್ದಿ.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಯಾಕಂದರೆ ನನಗೆ ಇವತ್ತಿಗೂ ಅತಿ ಇಷ್ಟದ ಕೆಲಸ ಅದು. ಡೈಮಂಡ್ ಆನ್ವಿಲ್ ಸೆಲ್ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಧನ. ಬಂದಿದ್ದು 1950ರ ದಶಕದ ಕೊನೆಗೆ. ಎದುರುಬದುರು ಎರಡು ವಜ್ರ, ಅವುಗಳ ಚಪ್ಪಟೆ ತುದಿ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ನಡುವೆ ಸ್ಟೀಲ್ ತಗಡು. ತಗಡನ್ನು ಮೊದಲು ವಜ್ರದಿಂದಲೇ ಒತ್ತಿ ತೆಳ್ಳಗೆ ಮಾಡಿ, ನಟ್ಟನಡುವೆ ತೂತು ಕೊರೆಯಬೇಕು. ತೂತು ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಒತ್ತಡ ಏರಿಸುವಾಗ ಹಿಗ್ಗಿ ಹೋಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ, ಸೂಜಿಯ ತುದಿಯಿಂದ, ಉಸಿರು ಬಿಗಿಹಿಡಿದು ಖನಿಜದ ಚೂರು ಕೂರಿಸಬೇಕು. ಪಕ್ಕದಲ್ಲಿ ಮಾಣಿಕ್ಯದ ಒಂದು ಕಣ. ಮೇಲೊಂದು ಹನಿ ದ್ರವ. ಆಮೇಲೆ ಸ್ಕ್ರೂ ತಿರುಗಿಸುವುದು.

ಒತ್ತಡ ಅಳೆಯುವುದು ಆ ಮಾಣಿಕ್ಯದ ಕಣದಿಂದ. ಹಸಿರು ಲೇಸರ್ ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಸಾಮಾನ್ಯ ಒತ್ತಡದಲ್ಲಿ ಆ ಬೆಳಕಿನ ತರಂಗಾಂತರ 694.2 ನ್ಯಾನೋಮೀಟರ್. ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.365 ನ್ಯಾನೋಮೀಟರ್ ಮುಂದೆ ಸರಿಯುತ್ತದೆ. ಆ ಗೆರೆ ಪರದೆಯ ಮೇಲೆ ಜರುಗುವುದನ್ನು ನೋಡುತ್ತ ಕೂತರೆ ಊಟದ ನೆನಪೂ ಆಗುವುದಿಲ್ಲ. ಎಕ್ಸ್-ರೇಗೆ ಮಾತ್ರ ಸಿಂಕ್ರೊಟ್ರಾನ್ ಬೇಕು, ಅಂದರೆ ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಸುತ್ತಿಸಿ ಬಹಳ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ; ಇಷ್ಟು ಸಣ್ಣ ಚೂರಿಗೆ ಲ್ಯಾಬಿನ ಯಂತ್ರದ ಬೆಳಕು ಸಾಲುವುದಿಲ್ಲ. ನಮ್ಮ ದೇಶದಲ್ಲಿ ಇಂದೋರ್‌ನ ಇಂಡಸ್-2 ಇದೆ. ಪ್ರಯೋಗದ ವಿವರ ಬರೆದು ಅರ್ಜಿ ಹಾಕಿದರೆ, ಒಪ್ಪಿಗೆಯಾದರೆ, ಸಮಯ ಸಿಗುತ್ತದೆ. ಸಣ್ಣ ಊರಿನ ಕಾಲೇಜಿನವರಿಗೂ ಸಿಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಕಡೆ ಹುಡುಗರು ನಂಬುವುದಿಲ್ಲ.

ಕಾಂಕ್ರೀಟ್ ಕಡೆ ತಿರುಗಿದ್ದು ಒಂದು ಖನಿಜದ ದೆಸೆಯಿಂದ. ಸಿಮೆಂಟಿಗೆ ನೀರು ಹಾಕಿದಾಗ ಹುಟ್ಟುವ ಅಂಟು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಖಡಿ, ಉಸುಕು ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಅದೇ. ಆದರೆ ಅದರ ಹರಳು ಬಹಳ ಅಡ್ಡಾದಿಡ್ಡಿ, ಎಕ್ಸ್-ರೇಯಲ್ಲಿ ಸ್ಪಷ್ಟ ಗೆರೆ ಕೊಡುವುದಿಲ್ಲ. ಅದಕ್ಕೇ ಅದರ ಹತ್ತಿರದ ಸಂಬಂಧಿ ಟೋಬರ್ಮೊರೈಟ್ ಅನ್ನು ಓದುತ್ತಾರೆ. ಒಂದರ ಮೇಲೊಂದು ಪೇರಿಸಿಟ್ಟ ಖಡಕ್ ರೊಟ್ಟಿಯ ಹಾಗೆ ಅದರ ಪದರಗಳು, ಪದರದ ನಡುವೆ ಕ್ಯಾಲ್ಸಿಯಂ ಮತ್ತು ನೀರು. ಪದರಗಳ ಅಂತರ 14 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರ್‌ನ ಕೋಟಿಯಲ್ಲಿ ಒಂದು ಪಾಲು). ಕಾಯಿಸುತ್ತ ಹೋದರೆ ನಡುವಿನ ನೀರು ಹೊರಟು ಅಂತರ 11ಕ್ಕೆ ಇಳಿಯುತ್ತದೆ. ಇದನ್ನು ಓದಿದಾಗ, ಇಷ್ಟು ವರ್ಷ ನಾನು ಕೇಳುತ್ತಿದ್ದ ಪ್ರಶ್ನೆ ಇಲ್ಲೇ, ಪ್ರತಿ ಮನೆಯ ಸ್ಲ್ಯಾಬಿನಲ್ಲೇ ಇದೆ ಅನ್ನಿಸಿತು.

ಇಲ್ಲಿ ಎಂಜಿನಿಯರ್ ಸ್ನೇಹಿತರು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. "ನಮ್ಮ ಕಾಲಂ ಕಾಂಕ್ರೀಟಿನ ಬಲ 25 ಮೆಗಾಪಾಸ್ಕಲ್. ನೀವು ಅದರ ನೂರು ಪಟ್ಟು ಒತ್ತಿ ಏನು ಮಾಡ್ತೀರಿ ಸರ್?" ಉತ್ತರ ಹೀಗಿದೆ. ಸಾವಿರ ಮೆಗಾಪಾಸ್ಕಲ್ ಸೇರಿದರೆ ಒಂದು ಗಿಗಾಪಾಸ್ಕಲ್. 14 ಆಂಗ್‌ಸ್ಟ್ರಾಮ್ ಟೋಬರ್ಮೊರೈಟ್‌ನ ಬಲ್ಕ್ ಮಾಡ್ಯುಲಸ್, ಅಂದರೆ ಒತ್ತಿದಾಗ ಕುಗ್ಗದೆ ತಡೆಯುವ ಬಿಗಿತನದ ಅಳತೆ, ಸುಮಾರು 47 ಗಿಗಾಪಾಸ್ಕಲ್. ಅಂದರೆ 25 ಮೆಗಾಪಾಸ್ಕಲ್‌ಗೆ ಅದರ ಗಾತ್ರ ಶೇಕಡಾ 0.05ರಷ್ಟೇ ಕುಗ್ಗುತ್ತದೆ. ಅಷ್ಟು ಸಣ್ಣ ಬದಲಾವಣೆಯನ್ನು ಎಕ್ಸ್-ರೇಯಲ್ಲಿ ನಂಬಿಕೆಯಿಂದ ಅಳೆಯುವುದು ಕಷ್ಟ. ಒಂದು ಗಿಗಾಪಾಸ್ಕಲ್ ಕೊಟ್ಟರೆ ಶೇಕಡಾ ಎರಡರಷ್ಟು ಕುಗ್ಗುತ್ತದೆ, ಗೆರೆ ಸರಿದದ್ದು ಚೆನ್ನಾಗಿ ಕಾಣುತ್ತದೆ. ಯಾವ ದಿಕ್ಕಿಗೆ ಮೆತ್ತಗಿದೆ, ಯಾವ ದಿಕ್ಕಿಗೆ ಬಿಗಿಯಾಗಿದೆ ಅನ್ನುವುದೂ ತಿಳಿಯುತ್ತದೆ. ಪದರದ ಉದ್ದಗಲಕ್ಕೆ ಬಿಗಿ, ಪದರಗಳ ನಡುವೆ ಮೆತ್ತಗೆ. ಕಾಂಕ್ರೀಟ್ ವರ್ಷಗಟ್ಟಲೆ ಭಾರಕ್ಕೆ ನಿಧಾನ ಬಾಗುತ್ತದಲ್ವಾ, ಕ್ರೀಪ್ ಅಂತೀವಿ. ಅದರ ಕಾರಣ ಹುಡುಕುವವರು ಈ ಅಂಟಿನ ಪದರ ಮತ್ತು ಅದರ ನೀರಿನ ಕಡೆಗೇ ನೋಡುತ್ತಾರೆ.

ಖನಿಜದ ಕೆಲಸದಿಂದ ಬಂದವರು ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ನಮ್ಮಲ್ಲಿ ಸೆಲ್ ಒಳಗೆ ಹಾಕುವ ದ್ರವ ಸಾಮಾನ್ಯವಾಗಿ ಮೆಥನಾಲ್ ನಾಲ್ಕು ಪಾಲು, ಎಥನಾಲ್ ಒಂದು ಪಾಲು, ಎರಡೂ ಆಲ್ಕೊಹಾಲ್. ಹತ್ತು ಗಿಗಾಪಾಸ್ಕಲ್‌ವರೆಗೆ ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಆದರೆ ಸಿಮೆಂಟ್ ಲ್ಯಾಬಿನವರು ಸಿಮೆಂಟಿನಿಂದ ನೀರು ಎಳೆದು ಕ್ರಿಯೆ ನಿಲ್ಲಿಸಲು ಬಳಸುವುದೂ ಆಲ್ಕೊಹಾಲ್ ಅನ್ನೇ. ಯಾವ ನೀರನ್ನು ನೋಡಬೇಕೋ ಅದನ್ನೇ ದ್ರವ ಕಿತ್ತುಕೊಂಡರೆ ಅಳತೆಗೆ ಏನು ಅರ್ಥ? ಅದಕ್ಕೆ ಇಂಥ ಮಾದರಿಗೆ ನಾನು ಸಿಲಿಕೋನ್ ಎಣ್ಣೆ ಹಾಕುತ್ತೇನೆ, ಒತ್ತಡವನ್ನೂ ಕಡಿಮೆ ಮಿತಿಯಲ್ಲೇ ಇಡುತ್ತೇನೆ.

ಲ್ಯಾಬಿನ ಹೊರಗೆ ಈ ಜ್ಞಾನ ಉಪಯೋಗಕ್ಕೆ ಬರುವ ಜಾಗ ಅಂದರೆ ಏಪ್ರಿಲ್, ಮೇ ತಿಂಗಳ ಕಲಬುರಗಿ. ಬಿಸಿಲು 42, 43 ಡಿಗ್ರಿ. ಸ್ಲ್ಯಾಬ್ ಹಾಕಿದ ಮಾರನೇ ದಿನ ಗೌಂಡಿ ಕೇಳುತ್ತಾರೆ, "ಸರ, ನೀರು ಎಷ್ಟ್ ದಿನ ಹೊಡೀಬೇಕ್ರಿ?" ನೂರು ಕಿಲೋ ಸಿಮೆಂಟ್ ಪೂರ್ತಿ ಕ್ರಿಯೆಯಾದರೆ ಸುಮಾರು 23 ಕಿಲೋ ನೀರನ್ನು ತನ್ನ ಹರಳಿಗೇ ಕಟ್ಟಿಕೊಳ್ಳುತ್ತದೆ, ಅದಲ್ಲದೆ ಅಂಟಿನ ಸಣ್ಣ ರಂಧ್ರಗಳಿಗೂ ನೀರು ಬೇಕು. ಬಿಸಿಲು ಅದನ್ನು ಮೊದಲೇ ಕುಡಿದುಬಿಟ್ಟರೆ ಅಂಟು ಹುಟ್ಟುವುದು ಅಲ್ಲಿಗೇ ನಿಂತಿತು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ. ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟ್ ಆದರೆ 14 ದಿನ ಒಳ್ಳೆಯದು, ನಮ್ಮ ಕಡೆ ಈಗ ಬಹುಪಾಲು ಅದೇ. ಬೆಳಿಗ್ಗೆ ಸಂಜೆ ಪೈಪ್ ಹಿಡಿದರೆ ಸಾಲದು, ನಡುಮಧ್ಯಾಹ್ನ ಸ್ಲ್ಯಾಬ್ ಒಣಗಬಾರದು. ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಾಲಂಗೆ ಒದ್ದೆ ಗೋಣಿ ಸುತ್ತಿ ಅಂತ ನಾನು ಹೇಳುವುದು. ನೀರಿಗೆ ಟ್ಯಾಂಕರ್ ತರಿಸುವ ಊರಲ್ಲಿ ಇದು ಖರ್ಚಿನ ಮಾತು, ಗೊತ್ತು. ಆದರೂ ಹೇಳುತ್ತೇನೆ.

ಈಗ ನನ್ನ ಮೇಜಿನ ಮೇಲಿರುವುದು ಜೇಡಿ. ಶುದ್ಧ ಸುಣ್ಣದ ಕಲ್ಲನ್ನು ಸುಟ್ಟಾಗ ಅದರ ತೂಕದ ಶೇಕಡಾ 44 ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸುತ್ತ ಇಷ್ಟು ಕಾರ್ಖಾನೆ ಇರುವ ಜಿಲ್ಲೆಯಲ್ಲಿ ಇದ್ದು ಇದನ್ನು ಮರೆಯಲು ನನಗೆ ಆಗುವುದಿಲ್ಲ. ಎಲ್‌ಸಿ3 ಅನ್ನುವ, ಸುಣ್ಣದ ಕಲ್ಲು ಮತ್ತು ಸುಟ್ಟ ಜೇಡಿ ಬೆರೆಸಿದ ಸಿಮೆಂಟಿನಲ್ಲಿ ಕ್ಲಿಂಕರ್ (ಸುಣ್ಣದ ಕಲ್ಲನ್ನು ಜೇಡಿಯ ಜೊತೆ ಸುಟ್ಟು ಮಾಡುವ ಸಿಮೆಂಟಿನ ಮೂಲ ಉಂಡೆ) ಅರ್ಧ ಮಾತ್ರ. ಉಳಿದದ್ದು ನೂರರಲ್ಲಿ ಸುಮಾರು 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದ ಕಲ್ಲು, 5 ಪಾಲು ಜಿಪ್ಸಂ. ಕ್ಲಿಂಕರ್‌ಗೆ 1450 ಡಿಗ್ರಿ ಬೇಕಾದರೆ ಈ ಜೇಡಿಗೆ 700ರಿಂದ 850 ಸಾಕು. ಇಂಥ ಸಿಮೆಂಟಿಗೆ ನಮ್ಮ ದೇಶದಲ್ಲಿ 2023ರಲ್ಲಿ ಐಎಸ್ 18189 ಬಂದಿದೆ. ಬೇಕಾಗುವ ಜೇಡಿ ಕಯೋಲಿನ್ ಅನ್ನುವ ಬಿಳಿ ಜೇಡಿ ಖನಿಜ ಇರುವಂಥದ್ದು. ಬೀದರ್ ಹತ್ತಿರ ಕಮಠಾಣದಲ್ಲಿ ಕಯೋಲಿನ್ ಇದೆ, ಶಹಾಬಾದ್‌ನಲ್ಲಿ ಕಲ್ಲು ಇದೆ.

ಕಯೋಲಿನ್ ಸುಡುವುದು ಅಂದರೆ ಅದರ ಹರಳಿನಿಂದ ನೀರು ಹೊರಹಾಕುವುದು. ಹೊರಟ ಮೇಲೆ ಹರಳು ಕುಸಿಯುತ್ತದೆ, ಆ ಕುಸಿದ ರೂಪವೇ ಸಿಮೆಂಟಿನ ಸುಣ್ಣದ ಜೊತೆ ಚುರುಕಾಗಿ ಸೇರುತ್ತದೆ. ಕಡಿಮೆ ಸುಟ್ಟರೆ ನೀರು ಉಳಿಯುತ್ತದೆ, ಜಾಸ್ತಿ ಸುಟ್ಟರೆ ಬೇರೆ ಹರಳು ಕಟ್ಟಿ ಮತ್ತೆ ಜಡವಾಗುತ್ತದೆ. ಬೀದರ್ ಕಡೆಯ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಸುಟ್ಟ ಮೇಲೆ ಬಣ್ಣ ಕೆಂಪು. ಮನೆ ಕಟ್ಟುವವರು ಬೂದು ಬಣ್ಣವನ್ನೇ ಸಿಮೆಂಟ್ ಅಂತ ನಂಬುತ್ತಾರೆ, ಅದೂ ಒಂದು ಲೆಕ್ಕ. ಸದ್ಯ ಬೇರೆ ಬೇರೆ ಉಷ್ಣತೆಗೆ ಸುಟ್ಟ ಮಾದರಿಗಳಿಂದ ಘನಗಳನ್ನು ಎರಕ ಹಾಕಿ ನೀರಲ್ಲಿ ಇಟ್ಟಿದ್ದೇವೆ. 7 ದಿನದ ಬಲ ನೋಡಿದ್ದಾಯಿತು, 28 ದಿನದ್ದು ಬರಬೇಕು. ಬಂದ ಮೇಲೆ ಅವೇ ಚೂರುಗಳನ್ನು ತೆಗೆದುಕೊಂಡು ಮತ್ತೆ ಇಂದೋರ್‌ಗೆ ಅರ್ಜಿ ಹಾಕುತ್ತೇನೆ.