ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನನ್ನ ಸೇವೆ

ಸೇವೆ ಅಂದ ಕೂಡಲೇ ಹೆಚ್ಚಿನವರಿಗೆ ವೇದಿಕೆ, ಮೈಕು, ಕರಪತ್ರ ನೆನಪಾಗುತ್ತವೆ. ನನಗೆ ವೇದಿಕೆ ಒಗ್ಗುವುದಿಲ್ಲ. ನಾನು ಕಚೇರಿಯಲ್ಲಿ ಲೆಕ್ಕ ಬರೆಯುವವನು. ರಜೆ ಸಿಕ್ಕಾಗ ಕಾಯಿಲೆ ಬಿದ್ದವರನ್ನು ನೋಡಿ ಬರುತ್ತೇನೆ. ನಮ್ಮ ಕ್ರೈಸ್ತ ಸಭೆಯವರನ್ನು ಮಾತ್ರ ಅಲ್ಲ. ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು, ಅವರ ಅಪ್ಪ-ಅಮ್ಮ, ಯಾರೇ ಆಗಲಿ.

ಈ ಕೆಲಸಕ್ಕೆ ನಾನೇ ಹಾಕಿಕೊಂಡ ಕಟ್ಟಳೆ ಒಂದಿದೆ. ಸಹಾಯಕ್ಕೂ ಸುವಾರ್ತೆಗೂ, ಅಂದರೆ ಯೇಸುವಿನ ಬಗ್ಗೆ ಹೇಳುವುದಕ್ಕೂ, ಗಂಟು ಹಾಕುವುದಿಲ್ಲ. ಮಲಗಿರುವವರು ನಮ್ಮ ಮಾತು ಬೇಡವಾದರೆ ಎದ್ದು ಹೋಗಲಾರರು. ನಮ್ಮಿಂದ ಉಪಕಾರ ಪಡೆದವರಿಗೆ 'ಬೇಡ' ಅನ್ನಲು ಬಾಯಿ ಬರುವುದಿಲ್ಲ. ಅಂಥ ಜಾಗದಲ್ಲಿ ಸಿಕ್ಕ 'ಹೂಂ' ಗೆ ಏನು ಬೆಲೆ?

ಹೋಗುವ ಮೊದಲು ಮನೆಯವರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳುತ್ತೇನೆ. ಬೈಬಲಿನಲ್ಲಿ ಬರುವ ಭಿಕ್ಷುಕ ಬಾರ್ತಿಮಾಯ ಕುರುಡ ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸು ಅವನನ್ನು 'ನಿನಗೆ ಏನು ಮಾಡಬೇಕು' ಅಂತ ಕೇಳಿದರು (ಮಾರ್ಕ 10:51). ಬಹಳ ಸಲ ಅವರಿಗೆ ಬೇಕಾಗಿರುವುದು ತೀರಾ ಸಣ್ಣದು. ಜೊತೆಗಿರುವವರು ಮನೆಗೆ ಹೋಗಿ ಸ್ನಾನ ಮಾಡಿ ಬರುವ ತನಕ ಯಾರಾದರೂ ಕೂತಿರಬೇಕು. ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕೂತಾಗ ಅವರು ಕತ್ತು ಎತ್ತದೆ ನನ್ನ ಮುಖ ನೋಡುವ ಹಾಗೆ ಕುರ್ಚಿ ಎಳೆದುಕೊಳ್ಳುತ್ತೇನೆ. ಅವರು ಮಾತಾಡಿದರೆ ಕೇಳುತ್ತೇನೆ, ಇಲ್ಲದಿದ್ದರೆ ಸುಮ್ನೆ ಇರುತ್ತೇನೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದು ಅವನದೇ ತಪ್ಪು ಅಂದ ಮೇಲೇ ಅಲ್ವಾ ಅವರು ಕೆಟ್ಟಿದ್ದು?

ಹೊರಡುವಾಗ ಒಂದು ಮಾತು ಕೇಳುತ್ತೇನೆ: "ನಿಮಗೋಸ್ಕರ ಪ್ರಾರ್ಥನೆ ಮಾಡಲಾ? ಇಲ್ಲಿ ಬೇಡ ಅಂದರೆ ಮನೆಯಲ್ಲೇ ಮಾಡುತ್ತೇನೆ." ಎರಡನೇ ವಾಕ್ಯ ಬಹಳ ಮುಖ್ಯ. ಸಂಕೋಚವಿಲ್ಲದೆ ತಪ್ಪಿಸಿಕೊಳ್ಳಲು ಅವರಿಗೆ ದಾರಿ ಇರಬೇಕು. ಒಪ್ಪಿದರೆ ನಾಲ್ಕೈದು ವಾಕ್ಯ, ಪಕ್ಕದ ಮಂಚಕ್ಕೆ ಕೇಳಿಸದಷ್ಟು ಮೆಲ್ಲಗೆ. ವಾಸಿಯಾಗಲಿ ಅಂತ ಬೇಡಿಕೊಳ್ಳುತ್ತೇನೆ, ವಾಸಿಯಾಗೇ ಆಗುತ್ತದೆ ಅಂತ ಮಾತು ಕೊಡುವುದಿಲ್ಲ. ಯೇಸುವಿನ ಅಪೊಸ್ತಲ ಪೌಲನೇ, ತಾನು 'ಮುಳ್ಳು' ಅಂತ ಕರೆದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಮಾತ್ರೆ ಬಿಡಿ, ನಂಬಿಕೆ ಸಾಕು ಅನ್ನುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅದೇ ಪೌಲ ಲೂಕನನ್ನು ಪ್ರಿಯ ವೈದ್ಯ ಅಂತ ಕರೆದಿದ್ದಾನೆ (ಕೊಲೊಸ್ಸೆ 4:14).

ಹಾಗಾದರೆ ಯೇಸುವಿನ ಬಗ್ಗೆ ಹೇಳುವುದು ಯಾವಾಗ? ಸಾಮಾನ್ಯವಾಗಿ ಡಿಸ್ಚಾರ್ಜ್ ಆಗಿ ಓಡಾಡುವಂತಾದ ಮೇಲೆ, ಅವರಾಗಿಯೇ "ಯಾಕೆ ನೀವು ಹೀಗೆ ಬರುತ್ತೀರಿ?" ಅಂತ ಕೇಳಿದಾಗ. ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಮೃದುವಾಗಿ, ಗೌರವದಿಂದ ಅಂತ ಯೇಸುವಿನ ಶಿಷ್ಯ ಪೇತ್ರ ಬರೆದದ್ದು (1 ಪೇತ್ರ 3:15) ಇಂಥ ಹೊತ್ತಿಗೇ. ಆಗ ನಾನು ಸಿದ್ಧಾಂತ ಬಿಚ್ಚುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ನಿದ್ದೆ ಬಾರದ ರಾತ್ರಿಗಳಲ್ಲಿ ಯೇಸುವಿನ ಜೀವನ ಹೇಳುವ ಸುವಾರ್ತೆ ಪುಸ್ತಕಗಳನ್ನು ಓದಲು ಶುರುಮಾಡಿದ್ದು, ಓದುತ್ತಾ ಓದುತ್ತಾ ಪ್ರಾರ್ಥನೆ ಬಂದದ್ದು, ಅಷ್ಟು ಹೇಳುತ್ತೇನೆ. ಇನ್ನೂ ತಿಳಿಯಬೇಕು ಅಂದವರಿಗೆ ಮಾರ್ಕನ ಸುವಾರ್ತೆ ಕೊಡುತ್ತೇನೆ. ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಬ್ಬರು ನೇರವಾಗಿ ಕೇಳಿದರು, "ನಿಮ್ಮ ದೇವರು ನಿಮ್ಮಪ್ಪನನ್ನು ಯಾಕೆ ಉಳಿಸಲಿಲ್ಲ?" ನನಗೆ ಗೊತ್ತಿಲ್ಲ ಅಂದೆ. ಆಮೇಲೆ ಅವರು ತಮ್ಮ ಕಥೆ ಹೇಳಲು ಶುರುಮಾಡಿದರು.

ಕಚೇರಿಯ ಮಾತು ಬೇರೆ. ಅಲ್ಲಿ ನಾನು ಬಾಯಿ ಬಿಡುವುದೇ ಕಡಿಮೆ. ಸುಳ್ಳು ಬಿಲ್ಲಿಗೆ ಸಹಿ ಹಾಕದಿದ್ದರೆ, ಬೇರೆಯವರ ಬಗ್ಗೆ ಹಿಂದಿನಿಂದ ಆಡಿಕೊಳ್ಳದಿದ್ದರೆ ಅಷ್ಟು ಸಾಕು.

ಹೆಚ್ಚಿನವರು ಏನೂ ಕೇಳುವುದಿಲ್ಲ. ಗುಣವಾಗುತ್ತಾರೆ, ತಮ್ಮ ಕೆಲಸಕ್ಕೆ ಹೋಗುತ್ತಾರೆ. "ಇಷ್ಟು ದಿನದಲ್ಲಿ ಎಷ್ಟು ಜನ ಸಭೆಗೆ ಬಂದರು?" ಅಂತ ನಮ್ಮವರೇ ಕೆಲವರು ಕೇಳುವುದುಂಟು. ನಾನು ಲೆಕ್ಕದವನಾದರೂ ಆ ಲೆಕ್ಕ ಇಟ್ಟಿಲ್ಲ. ಹಿಂದೆ ಕಾಯಿಲೆ ಬಿದ್ದಿದ್ದ ಸಹೋದ್ಯೋಗಿಯೊಬ್ಬರು ಈಗ ನನ್ನ ಜೊತೆ ಬರುತ್ತಾರೆ. ಅವರಿಗೆ ದೇವರಲ್ಲಿ ನಂಬಿಕೆ ಇಲ್ಲ. ರೋಗಿಗಳನ್ನು ನಗಿಸುವುದರಲ್ಲಿ ನನಗಿಂತ ಜಾಣರು. ನಾನು ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅವರು ಚೀಟಿ ತೆಗೆದುಕೊಂಡು ಔಷಧಿ ಸಾಲಿಗೆ ಹೊರಡುತ್ತಾರೆ.