ಆ್ಯಪ್ ಸರ್ವರ್‌ಗಳ ನಡುವೆ ಎಂಕ್ಯೂ ಹಬ್: ನನ್ನ ಅನುಭವ

ನಮ್ಮಲ್ಲಿ ಆರ್ಡರ್, ಬಿಲ್ಲಿಂಗ್, ಸ್ಟಾಕ್‌ಗೆ ಬೇರೆಬೇರೆ ಆ್ಯಪ್ ಸರ್ವರ್‌ಗಳಿವೆ. ಮೊದಲು ಒಂದಕ್ಕೊಂದು ನೇರವಾಗಿ ಕನೆಕ್ಟ್ ಆಗುತ್ತಿದ್ದವು. ಬಿಲ್ಲಿಂಗ್ ರೀಸ್ಟಾರ್ಟ್ ಆದರೆ ಸಾಕು, ಆರ್ಡರ್ ಕಡೆಯ ಥ್ರೆಡ್‌ಗಳೆಲ್ಲ ಟೈಮ್‌ಔಟ್ ಆಗುವವರೆಗೆ ಕಾಯುತ್ತಾ ನಿಂತುಬಿಡುತ್ತಿದ್ದವು. ಅದಕ್ಕೇ ನಡುವೆ ಐಬಿಎಂ ಎಂಕ್ಯೂ ತಂದೆ, ಅಂದರೆ ಆ್ಯಪ್‌ಗಳ ಮೆಸೇಜ್‌ಗಳನ್ನು ಕ್ಯೂನಲ್ಲಿ (ಸಾಲಿನಲ್ಲಿ) ಇಟ್ಟುಕೊಂಡು ಮುಂದೆ ತಲುಪಿಸುವ ಸಾಫ್ಟ್‌ವೇರ್.

ಪ್ರತಿ ಸರ್ವರ್‌ನ ಪಕ್ಕದಲ್ಲಿ ಒಂದು ಕ್ಯೂ ಮ್ಯಾನೇಜರ್ (ಕ್ಯೂಗಳನ್ನು ನೋಡಿಕೊಳ್ಳುವ ಎಂಕ್ಯೂ ಪ್ರೋಗ್ರಾಂ), ಎಲ್ಲದರ ನಡುವೆ ಹಬ್ ಆಗಿ ಇನ್ನೊಂದು. ಆ್ಯಪ್ ತನ್ನ ಪಕ್ಕದ ಕ್ಯೂ ಮ್ಯಾನೇಜರ್‌ಗೆ ಮೆಸೇಜ್ ಕೊಟ್ಟು ತನ್ನ ಕೆಲಸಕ್ಕೆ ಹೋಗುತ್ತದೆ. ಮೆಸೇಜ್ ಟ್ರಾನ್ಸ್‌ಮಿಷನ್ ಕ್ಯೂನಲ್ಲಿ (ಬೇರೆ ಕ್ಯೂ ಮ್ಯಾನೇಜರ್‌ಗೆ ಹೋಗಬೇಕಾದವು ಕಾಯುವ ಕ್ಯೂ) ಕೂರುತ್ತದೆ, ಸೆಂಡರ್ ಚಾನೆಲ್ (ಎರಡು ಕ್ಯೂ ಮ್ಯಾನೇಜರ್‌ಗಳ ನಡುವಿನ ದಾರಿಯ ಕಳಿಸುವ ತುದಿ) ಅದನ್ನು ಹಬ್‌ನ 1414 ಪೋರ್ಟ್‌ಗೆ ಕಳಿಸುತ್ತದೆ, ಹಬ್ ಅದನ್ನು ಮುಂದಿನ ಟ್ರಾನ್ಸ್‌ಮಿಷನ್ ಕ್ಯೂಗೆ ಹಾಕುತ್ತದೆ. ಚಾನೆಲ್ ಹೆಸರು ಎರಡೂ ತುದಿಯಲ್ಲಿ ಒಂದೇ ಇರಬೇಕು, 20 ಅಕ್ಷರ ದಾಟುವಂತಿಲ್ಲ.

ಹೋಗುವ ದಾರಿ ಸುಲಭ. ಉತ್ತರ ವಾಪಸ್ ಬರುವ ದಾರಿಗೇ ಜಾಸ್ತಿ ಯೋಚನೆ ಬೇಕು. ಮೆಸೇಜ್ ಜೊತೆಗೆ ಕಳಿಸಿದವರ ಕ್ಯೂ ಮ್ಯಾನೇಜರ್ ಹೆಸರೂ ಹೋಗಿರುತ್ತದೆ, ಬಿಲ್ಲಿಂಗ್ ಅದೇ ಹೆಸರಿಗೆ ಉತ್ತರ ಕೊಡುತ್ತದೆ, ಆದರೆ ಆರ್ಡರ್ ಎಲ್ಲಿದೆ ಅಂತ ಬಿಲ್ಲಿಂಗ್‌ನ ಕ್ಯೂ ಮ್ಯಾನೇಜರ್‌ಗೆ ಗೊತ್ತಿರಬೇಕಲ್ವಾ? ಹಾಗಾಗಿ ಹಬ್ ಬಿಟ್ಟು ಉಳಿದ ಎಲ್ಲದರಲ್ಲೂ ಡಿಫಾಲ್ಟ್ ಟ್ರಾನ್ಸ್‌ಮಿಷನ್ ಕ್ಯೂ ಅಂತ ಹಬ್‌ಗೆ ಹೋಗುವ ಕ್ಯೂವನ್ನೇ ಕೊಟ್ಟೆ. ಪರಿಚಯವಿಲ್ಲದ ಹೆಸರು ಬಂದರೆ ಸೀದಾ ಹಬ್‌ಗೆ. ಹಬ್‌ನಲ್ಲಿ ಮಾತ್ರ ಡಿಫಾಲ್ಟ್ ಇಡಲಿಲ್ಲ. ಅಲ್ಲಿ ಪ್ರತಿ ಕ್ಯೂ ಮ್ಯಾನೇಜರ್ ಹೆಸರಲ್ಲೇ ಒಂದೊಂದು ಟ್ರಾನ್ಸ್‌ಮಿಷನ್ ಕ್ಯೂ ಇದೆ. ಯಾರಾದರೂ ಹೆಸರು ತಪ್ಪಾಗಿ ಬರೆದರೆ ಆ ಮೆಸೇಜ್ 2087 ಕೋಡ್ (ಆ ಹೆಸರಿನ ಕ್ಯೂ ಮ್ಯಾನೇಜರ್ ಗೊತ್ತಿಲ್ಲ ಅಂತ) ಹೊತ್ತು ಹಬ್‌ನ ಡೆಡ್ ಲೆಟರ್ ಕ್ಯೂಗೆ, ಅಂದರೆ ತಲುಪಿಸಲಾಗದವು ಸೇರುವ ಕ್ಯೂಗೆ, ಬೀಳುತ್ತದೆ. ಹುಡುಕುವುದು ಒಂದೇ ಕಡೆ.

ಜೆಎಂಎಸ್‌ನಲ್ಲಿ (ಜಾವಾದ ಮೆಸೇಜಿಂಗ್ ಎಪಿಐ) ಬರೆದ ಆ್ಯಪ್‌ಗಳ ಮೆಸೇಜ್ ಸುಮ್ನೆ ಬಿಟ್ಟರೂ ಪರ್ಸಿಸ್ಟೆಂಟ್ ಆಗಿರುತ್ತದೆ, ಅಂದರೆ ಡಿಸ್ಕ್‌ನಲ್ಲಿ ಬರೆದಿಟ್ಟು ಉಳಿಸಿಕೊಳ್ಳುವಂಥದ್ದು. ಎಂಕ್ಯೂಗೇ ನೇರವಾಗಿ ಬರೆದ ಹಳೆಯ ಪ್ರೋಗ್ರಾಂಗಳು ಎಷ್ಟೋ ಸಲ ಇದನ್ನು ಕ್ಯೂನ ಡಿಫಾಲ್ಟ್‌ಗೆ ಬಿಟ್ಟಿರುತ್ತವೆ, ಆ ಡಿಫಾಲ್ಟ್ ನಾನ್-ಪರ್ಸಿಸ್ಟೆಂಟ್. ಚಾನೆಲ್ ನಡುವೆ ಕಡಿದರೆ ದಾರಿಯಲ್ಲಿರುವ ಅಂಥ ಮೆಸೇಜ್ ಕಳೆದುಹೋಗಬಹುದು. ಹಣದ ಲೆಕ್ಕ ಇರುವ ಕ್ಯೂಗಳಲ್ಲೆಲ್ಲ ಈ ಡಿಫಾಲ್ಟ್ ಬದಲಾಯಿಸಿದೆ.

ಲೈವ್ ಮಾಡುವ ಮೊದಲು ಹಬ್‌ನಿಂದ ಬಿಲ್ಲಿಂಗ್‌ಗೆ ಹೋಗುವ ಚಾನೆಲ್ ಬೇಕೆಂದೇ ನಿಲ್ಲಿಸಿ ನೋಡಿದೆ. ಮೆಸೇಜ್‌ಗಳು ಹಬ್‌ನಲ್ಲಿ ಸೇರುತ್ತಾ ಹೋದವು. ಕ್ಯೂ ಹಿಡಿಯುವುದು ಡಿಫಾಲ್ಟ್ ಆಗಿ 5000 ಮಾತ್ರ. ಅದು ತುಂಬಿದ ಮೇಲೆ ಬರುವ ಮೆಸೇಜ್‌ಗಳು 2053 ಕೋಡ್‌ನೊಂದಿಗೆ ಡೆಡ್ ಲೆಟರ್ ಕ್ಯೂಗೆ ಹೋದವು. ಆ ಕ್ಯೂ ಇಲ್ಲದಿದ್ದರೆ ಮೊದಲ ಪರ್ಸಿಸ್ಟೆಂಟ್ ಮೆಸೇಜ್‌ಗೇ ಆರ್ಡರ್‌ನಿಂದ ಹಬ್‌ಗೆ ಬರುವ ಚಾನೆಲ್ ನಿಂತುಬಿಡುತ್ತಿತ್ತು. ಸ್ಟಾಕ್‌ಗೆ ಹೋಗುವ ಮೆಸೇಜ್‌ಗಳೂ ಅದೇ ಚಾನೆಲ್‌ನಲ್ಲಿ ಬರುವುದರಿಂದ, ಘಾಟಿಯಲ್ಲಿ ಒಂದು ಲಾರಿ ಕೆಟ್ಟು ಹಿಂದಿನವೆಲ್ಲ ಸಾಲುಗಟ್ಟಿದ ಹಾಗೆ ಅವೂ ಸಿಕ್ಕಿಕೊಳ್ಳುತ್ತಿದ್ದವು.

ಆಮೇಲೆ ಹಬ್‌ನ ಕ್ಯೂಗಳ ಮಿತಿ ಏರಿಸಿದೆ, ಅದಕ್ಕೆ ತಕ್ಕಷ್ಟು ಡಿಸ್ಕ್ ಕೇಳಿ ಪಡೆದೆ. 2053ರಲ್ಲಿ ಬಿದ್ದವನ್ನು ಡೆಡ್ ಲೆಟರ್ ಹ್ಯಾಂಡ್ಲರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. 2087ರವು ಮಾತ್ರ ನನ್ನ ಕೈಗೆ ಬರುತ್ತವೆ.